ನಾನು ತಗೊಂಡ ಕುಂಕುಮ

ಯುದ್ಧದ ಕಾಲ. ಪೆಟ್ರೋಲು ಸಿಗದೆ ಕಾರುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡುತ್ತಿದ್ದವು. ಅಂಥದೊಂದು ಕಾರು ಬಾಗಲೂರು ರಸ್ತೆಯಲ್ಲಿ, ರಾಗಿ ಗಾಡಿಯ ಪಕ್ಕದಲ್ಲಿ ನಡೆದು ಬರುತ್ತಿದ್ದ ನನ್ನ ಗಂಡನಿಗೆ ಹಿಂದಿನಿಂದ ಗುದ್ದಿತು. ಎತ್ತುಗಳಿಗೆ ಏನೂ ಆಗಲಿಲ್ಲ. ಗಂಡನ ಬಲಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ನನಗಾಗ ಹತ್ತೊಂಬತ್ತು.

ಮನೆಗೆ ಕರೆತಂದ ಮೇಲೂ ಜ್ವರ ಇಳಿಯಲಿಲ್ಲ. ಉಳಿಯುವುದು ಕಷ್ಟ ಎಂದು ಊರವರು ಜಗುಲಿಯಲ್ಲಿ ಪಿಸುಗುಟ್ಟುತ್ತಿದ್ದ ದಿನವೇ ಕಾರಿನ ಮಾಲೀಕ ಹೆಂಡತಿಯೊಂದಿಗೆ ಬಂದ. ಆಕೆ ನನ್ನನ್ನು ಮಣೆಯ ಮೇಲೆ ಕೂರಿಸಿ ಹಣೆಗೆ ಕುಂಕುಮವಿಟ್ಟಳು. ಸೀರೆ, ಬಳೆ, ತೆಂಗಿನಕಾಯಿ ಹಾಕಿ ಮಡಿಲು ತುಂಬಿದಳು. ಊರಗೌಡರೂ ಅಲ್ಲೇ ನಿಂತಿದ್ದರು. ಕಾಯಿಯ ಕೆಳಗೆ ನೋಟುಗಳಿದ್ದದ್ದು ಕಾರಿನವರು ಹೋದಮೇಲೆ ಕಂಡಿತು. ಅದೆಲ್ಲ ಔಷಧಿಗೇ ಹೋಯಿತು.

ಗಂಡ ಬದುಕಿಕೊಂಡರು. ಆದರೆ ಒಂಟಿ ಕಾಲಲ್ಲಿ ಹೊಲ ಉಳುವುದೆಲ್ಲಿ ಬಂತು? ಮನೆಯಲ್ಲಿ ಬೇರೆ ಗಂಡಸಿರಲಿಲ್ಲ. ಪರಿಹಾರ ಸಿಕ್ಕರೆ ಆಳಿಟ್ಟು ಬೇಸಾಯ ಮಾಡಿಸಬಹುದೆಂದು ಕೃಷ್ಣಗಿರಿಯ ಕೋರ್ಟಿನಲ್ಲಿ ದಾವೆ ಹೂಡಿದೆವು. ಪರಿಹಾರ ಆಗಲೇ ಕೊಟ್ಟಾಗಿದೆ, ಗೌಡರ ಎದುರಿಗೇ ಕಾಲು ಹೋದವನ ಹೆಂಡತಿ ಮಡಿಲೊಡ್ಡಿ ತೆಗೆದುಕೊಂಡಳು ಎಂದು ಮಾಲೀಕ ಜವಾಬು ಕೊಟ್ಟ. ಎಂಥ ನಾಲಿಗೆ ಅವನದು!

ಕೋರ್ಟಿನ ವರಾಂಡದಲ್ಲಿ ನಮ್ಮ ವಕೀಲರು, "ಏನೂ ತಗೊಂಡಿಲ್ಲ ಅಂತ ಹೇಳಮ್ಮ, ಅಷ್ಟು ಸಾಕು" ಎಂದರು. ಒಪ್ಪಿಕೊಂಡೆ. ನಾನೇನು ಸುಳ್ಳು ಹೇಳದವಳಲ್ಲ. ಅತ್ತೆಗೆ ದಿನಕ್ಕೊಂದು ಹೇಳುತ್ತಿದ್ದೆ.

ಎದುರು ವಕೀಲ ಜಾಣ. ನೋಟಿನ ಸುದ್ದಿಯನ್ನು ಮೊದಲು ಎತ್ತಲೇ ಇಲ್ಲ. ಅವನು ತಮಿಳಿನಲ್ಲಿ ಕೇಳಿದ್ದನ್ನು ಗುಮಾಸ್ತ ಕನ್ನಡದಲ್ಲಿ ಹೇಳಿದ: "ಆಯಮ್ಮ ಕೊಟ್ಟ ಕುಂಕುಮ ತಗೊಂಡೆಯಾ?"

ಎದುರಿನ ಬೆಂಚಿನಲ್ಲಿ ಗಂಡ ಕೋಲು ಹಿಡಿದು ಕೂತಿದ್ದರು. ಅವರು ಜೀವಂತ ಕೂತಿರುವಾಗ ನನ್ನ ಬಾಯಲ್ಲೇ ಕುಂಕುಮ ಬೇಡವಾಯಿತು ಎಂದು ಹೇಗೆ ಅನ್ನಲಿ?

"ತಗಂಡೆ ಸ್ವಾಮಿ."

"ಸೀರೆ, ಬಳೆ?"

"ಅವೂವೆ."

"ದುಡ್ಡು?"

"ಅದ್ರ ಜೊತೇಲೇ ಇತ್ತು. ನಮ್ಮೆಜಮಾನ್ರ ಜೀವ ಉಳೀಲಿ ಅಂತ ಮಡ್ಲು ಒಡ್ಡಿದ್ದು ಸ್ವಾಮಿ, ಕಾಲಿನ ಲೆಕ್ಕಕ್ಕಲ್ಲ."

ಸಾಕು ಎಂದು ವಕೀಲ ಕೈ ಎತ್ತಿದ. ದಾವೆ ವಜಾ ಆಯಿತು.

ಬಸ್ಸಿಗೆ ಕಾಯುವಾಗ ಗಂಡ ಮೆಲ್ಲಗೆ, "ಒಂದ್ ಸುಳ್ಳು ಹೇಳ್ಬುಟ್ಟಿದ್ರೆ ಆಳು ಸಿಕ್ತಿದ್ದ ಕಣಮ್ಮಿ" ಎಂದರು.

"ನೀವು ಎದುರ್ಗೇ ಕುಂತಿದ್ರಲ್ಲ" ಎಂದೆ. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು, ನನ್ನ ಮೇಲೂ.

ಆ ಮುಂಗಾರಿಗೆ ನೇಗಿಲು ಹಿಡಿದವಳು ನಾನೇ. ಹೆಂಗಸು ನೇಗಿಲು ಮುಟ್ಟುವುದು ನಮ್ಮ ಕಡೆ ಅಪಚಾರ. ಕುಂಕುಮದ ಮಾನ ಉಳಿಸಿದಳೆಂದು ಹೊಗಳಿದ್ದ ಬಾಯಿಗಳೇ ಬದುವಿನ ಮೇಲೆ ನಿಂತು ಛೀ ಎಂದವು. ಎತ್ತುಗಳಿಗೂ ನನ್ನ ದನಿ ಹಿಡಿಸಲಿಲ್ಲ. ಗಂಡ ಬದುವಿನ ಮೇಲೆ ಕೂತು ಕೂಗಿದರೆ ಮಾತ್ರ ಹೆಜ್ಜೆ ಎತ್ತುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿತು. ಎತ್ತುಗಳು ನಿಂತವು. ನಾನು ಅವರಂತೆಯೇ ಗಟ್ಟಿಯಾಗಿ ಗದರಿದೆ; ನಡೆದವು. ಸಾಲಿನ ಕೊನೆಯಲ್ಲಿ ತಿರುಗಿ ನೋಡಿದರೆ ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.