ಎರಡನೆಯ ಕೇಬಲ್ಲು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ.

ರಕ್ತ ಪರೀಕ್ಷೆಯ ಲ್ಯಾಬಿನ ಹಳೆಯ ಕಂಪ್ಯೂಟರು ಸಾಯುವ ಹಂತಕ್ಕೆ ಬಂದಿತ್ತು. ವಾರ್ಡುಗಳ ಸ್ಕ್ರೀನಿಗೆ ರಿಪೋರ್ಟು ಕಳಿಸುವ ಅದರ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಓಡುತ್ತಿರಲಿಲ್ಲ. ಆಗಷ್ಟೇ ಬಂದಿದ್ದ ಒಂದು ಸಾಫ್ಟ್‌ವೇರ್ ಬಳಸಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಹಳೆಯದರಂತೆ ನಡೆಯುವ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷೀನನ್ನು, ಕೂರಿಸಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ಬೆಳಿಗ್ಗೆ, ಒಂದು ನೆಟ್‌ವರ್ಕ್ ಕೇಬಲ್ಲು ಹಾಳಾದರೂ ಕೆಲಸ ನಿಲ್ಲದಿರಲಿ ಎಂದು ಎರಡನೆಯದನ್ನೂ ಹಾಕಿ, ಎರಡನ್ನೂ ಒಂದೇ ದಾರಿ ಎಂದು ತಿಳಿಯುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟೆ. ವಾರ್ಡಿಗೆ ಹೋಗಿ ಪರೀಕ್ಷಿಸಿ ನೋಡಲಿಲ್ಲ.

ಹನ್ನೊಂದರ ಸುಮಾರಿಗೆ ಲ್ಯಾಬಿನ ಹಿರಿಯರು ಬಾಗಿಲಲ್ಲಿ ನಿಂತರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

“ತಂಗಿ, ಮ್ಯಾಲಿನ ವಾರ್ಡಿನ್ಯಾಗ ಇವತ್ತಿನ ರಿಪೋರ್ಟ್ ಬರವಲ್ದಂತ. ನಿನ್ನೀದ ಕಾಣಾಕತ್ತದಂತ.”

ಸಂಪರ್ಕ ಸಿಗದಾಗ ವಾರ್ಡಿನ ಪ್ರೋಗ್ರಾಂ ಕೊನೆಗೆ ಬಂದ ರಿಪೋರ್ಟನ್ನೇ ತೋರಿಸುತ್ತಿತ್ತು, ಅದು ಹಳೆಯದೆಂದು ಹೇಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

“ಬೆಳಿಗ್ಗೆ ನಾನ ಒಂದು ಕೇಬಲ್ ಹಾಕೀನ್ರಿ ಕಾಕಾ. ಐದು ಮಿನಿಟು ತಡೀರಿ, ಯಾರಿಗೂ ಹೇಳಬ್ಯಾಡ್ರಿ, ಸರಿ ಮಾಡ್ತೀನಿ.”

ಹೊರಗಿನ ಯಂತ್ರಕ್ಕೆ, ಅಂದರೆ ಹೊಸ ಕಂಪ್ಯೂಟರಿಗೆ, ಎಲ್ಲ ಕಡೆಯಿಂದಲೂ ಉತ್ತರ ಬರುತ್ತಿತ್ತು. ಒಳಗಿನ ವರ್ಚುವಲ್ ಮಷೀನು ಮಾತ್ರ ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಐದು ಮಿನಿಟು ಹದಿನೈದಾಯಿತು. ಕಾಕಾ ಅಲ್ಲೇ ನಿಂತಿದ್ದರು.

“ಹನ್ನೂರ ಊರಾಕಿ ಒಬ್ಬಾಕಿ ಬಾಳಂತಿ ಆಗೂಕಿ ಇದ್ದಾಳ,” ಎಂದರು. “ಮುಂಜಾನಿ ರಕ್ತ ಹೋಗೇದ. ನಿನ್ನಿ ಹಿಮೋಗ್ಲೋಬಿನ್ ಹತ್ತೂವರಿ ಇತ್ತು, ಈಗ ಆರು. ಅಲ್ಲಿ ಸ್ಕ್ರೀನಿನ್ಯಾಗ ಹತ್ತೂವರಿನ ಇರಬೇಕು. ದುರಸ್ತಿ ಆಮ್ಯಾಲ ಮಾಡು. ಮೊದಲ ಬಾಯಿ ಬಿಟ್ಟು ಹೇಳು.”

ಕಾಕಾ ಕೊಟ್ಟ ಕಾಗದದ ರಿಪೋರ್ಟು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಕೆಲಸ ಹೋಗುವ ಹೆದರಿಕೆ ಮೊದಲು ಬಂತು, ಆ ಹೆಂಗಸಿನ ಜೀವದ್ದು ಆಮೇಲೆ. ಆ ಕ್ರಮವನ್ನು ನೆನೆದು ಇಂದಿಗೂ ನಾಚುತ್ತೇನೆ.

ಹೆಂಗಸನ್ನು ಆಪರೇಷನ್ನಿಗೆ ಒಯ್ಯಲು ಸ್ಟ್ರೆಚರಿನ ಮೇಲೆ ಮಲಗಿಸಿ ಆಗಿತ್ತು. ಅವಳ ಅತ್ತೆ ಬಾಗಿಲ ಬಳಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಡಾಕ್ಟರಬಾಯಿ ಸ್ಕ್ರೀನನ್ನೂ ನನ್ನ ಕೈಯ ಕಾಗದವನ್ನೂ ನೋಡಿದರು.

“ಎರಡರಾಗ ಯಾವುದು ಖರೆ?”

“ಕಾಗದದ್ದು ಖರೆರಿ. ಸ್ಕ್ರೀನಿನ್ಯಾಗಿಂದು ನಿನ್ನೀದು. ಅಲ್ಲಿಂದು ಯಾವುದನ್ನೂ ನಂಬಬ್ಯಾಡ್ರಿ. ತಪ್ಪು ನಂದ.”

ಅವರು ಬಯ್ಯಲಿಲ್ಲ. ನರ್ಸಿನ ಕಡೆ ತಿರುಗಿ “ಆಧಿ ರಕ್ತ ಆಣಾ”, ಮೊದಲು ರಕ್ತ ತನ್ನಿ, ಎಂದಷ್ಟೇ ಮರಾಠಿಯಲ್ಲಿ ಹೇಳಿ, ಸ್ಟ್ರೆಚರನ್ನು ತಡೆದು ನಿಲ್ಲಿಸಿದರು. ಅತ್ತೆ ನನ್ನ ಕೈ ಹಿಡಿದು, “ಏನಾತ ಬೇ ಯವ್ವಾ? ಸೊಸಿಗೆ ಏನಾತ?” ಎಂದು ಕೇಳಿದರು. ಅವರನ್ನು ಬೆಂಚಿನ ಮೇಲೆ ಕೂರಿಸಿದೆ.

ಕೆಳಗೆ ಬಂದು ಎರಡನೆಯ ಕೇಬಲ್ಲನ್ನು ಕಿತ್ತೆ. ಎಲ್ಲ ವಾರ್ಡುಗಳಲ್ಲೂ ಹೊಸ ರಿಪೋರ್ಟು ಬಂತು. ಮತ್ತೆ ಹಾಕಿ ನೋಡುವ ಧೈರ್ಯ ನನಗಿರಲಿಲ್ಲ. ಸ್ಕ್ರೀನಿನ ಮೇಲೆ ನಂಬಿಕೆ ಸಾಲದೆ ಸಂಜೆಯವರೆಗೂ ಕಾಕಾ ಮತ್ತು ನಾನು ಪ್ರತಿ ರಿಪೋರ್ಟನ್ನೂ ಕೈಯಲ್ಲೇ ಒಯ್ದು ಕೊಟ್ಟೆವು. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಆಪರೇಷನ್ ಆಯಿತು. ಹೆಣ್ಣು ಕೂಸು ಹುಟ್ಟಿತು, ತಾಯಿ ಉಳಿದಳು.

ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ಕೇಬಲ್ಲುಗಳೆಲ್ಲ ಸೇರುವ ಸ್ವಿಚ್ಚಿನ ಡಬ್ಬಿಗೆ, ಎರಡೂ ಒಂದೇ ದಾರಿ ಎಂದು ನಾನು ಹೇಳಿಯೇ ಇರಲಿಲ್ಲ. ಒಳಗಿನ ಯಂತ್ರ ಒಂದು ಕೇಬಲ್ಲಿನಿಂದ ಕೂಗಿದ ಕರೆಯನ್ನು ಸ್ವಿಚ್ಚು ಇನ್ನೊಂದರಿಂದ ಹಿಂದಕ್ಕೆ ಕಳಿಸುತ್ತಿತ್ತು. ಆ ಕರೆ ಹೊರಗಿನಿಂದ ಬಂದದ್ದನ್ನು ನೋಡಿ, ಒಳಗಿನ ಯಂತ್ರ ಹೊರಗೇ ಇದೆ ಎಂದು ಕಂಪ್ಯೂಟರು ತಿಳಿದುಕೊಂಡು ಅದಕ್ಕೆ ಬಂದ ಉತ್ತರಗಳನ್ನು ಕೈಬಿಡುತ್ತಿತ್ತು.

ಸ್ವಿಚ್ಚಿಗೂ ಹೇಳಿಕೊಟ್ಟ ದಿನ ಕಾಕಾ ವಾರ್ಡಿನ ಸ್ಕ್ರೀನಿನ ಮುಂದೆ ಕೂತರು. ನಾನು ಕೆಳಗೆ ಒಂದೊಂದೇ ಕೇಬಲ್ಲು ಕಿತ್ತು ಮತ್ತೆ ಜೋಡಿಸುತ್ತ ಫೋನಿನಲ್ಲಿ ಕೇಳುತ್ತಿದ್ದೆ.

“ಬಂತೇನ್ರಿ?”

“ಬಂತು.”

“ಇವತ್ತಿನ ತಾರೀಕು ಓದ್ರಿ.”

ಓದಿದರು. ಆದರೂ ಇನ್ನೊಮ್ಮೆ ಓದಿಸಿದೆ.