ಮೊದಲು ರಕ್ತ, ಆಮೇಲೆ ಸೂಜಿ

"ನೋಡ್ರೀ, ನಾನು ಬೇಡ್ಕೋತಾ ಇಲ್ಲ, ಹೇಳ್ತಾ ಇದೀನಿ. ರಕ್ತ ತಗೊಳ್ರೀ!"

"ತಗೊಳಲ್ಲ."

"ಯಾಕ್ ತಗೊಳಲ್ಲ? ನಿಮ್ಮಪ್ಪನ ಮನೆ ರಕ್ತಾನಾ ಅದು?"

"ನಿಮ್ಮಪ್ಪಂದೂ ಅಲ್ಲ. ಇಲ್ಲಿ ಕೂತಿದಾಳಲ್ಲ, ಈ ಹುಡುಗೀದು. ಸ್ವಲ್ಪ ಮೆತ್ತಗೆ ಮಾತಾಡಿ, ಆಚೆ ಮಗು ಮಲಗಿದೆ."

ಆಚೆ ಬೆಂಚಿನ ಮೇಲೆ ಯಾರದೋ ಮಗು ಮಲಗಿದ್ದದ್ದು ನಿಜ. ಆದರೆ ಈ ಗಲಾಟೆಗೆ ಅದು ಆಗಲೇ ಎದ್ದು ಕೂತು ಬಾಗಿಲ ಕಡೆ ಪಿಳಿಪಿಳಿ ನೋಡುತ್ತಿದೆ. ಇನ್ನೂ ಬೆಳಗಿನ ಎಂಟು ಗಂಟೆಯಾಗಿಲ್ಲ. ಬೇರೆ ದೇಶಕ್ಕೆ ನೆಲೆಸಲು ಹೋಗುವವರ ವೈದ್ಯಕೀಯ ತಪಾಸಣೆ ನಡೆಯುವ ಕ್ಲಿನಿಕ್ಕು ಇದು. ಔಷಧಿ ಅಂಗಡಿಯ ಮೇಲಿನ ಮಹಡಿ, ಕಿರಿದಾದ ಮೆಟ್ಟಿಲು, ಒಂದು ಫ್ರಿಜ್ಜು, ಒಂದು ಕುರ್ಚಿ, ಹಸಿರು ಪರದೆ. ಕೂಗಾಡುತ್ತಿರುವವನು ಒಬ್ಬ ವೆಲ್ಡರ್. ಕುರ್ಚಿಯಲ್ಲಿ ತೋಳು ಮಡಚಿ ಬಾಯಿ ಮುಚ್ಚಿ ಕೂತಿರುವವಳು ಅವನ ಹೆಂಡತಿ. ಕೈಗೆ ಗ್ಲೌಸ್ ಹಾಕಿಕೊಂಡು, ಗೋಡೆಯ ಹಾಗೆ ಅಡ್ಡ ನಿಂತಿರುವವರು ನರ್ಸಮ್ಮ. ಬಂದವರೆಲ್ಲ ಅವರನ್ನು ಕರೆಯುವುದು ಸೂಜಿಯಕ್ಕ ಎಂದು.

ವಿಮಾನ ಹತ್ತುವವರ ಫೋಟೊವನ್ನು ಮನೆಯವರು ನೋಡುತ್ತಾರೆ. ಸಹಿ ಹಾಕಿದ ಡಾಕ್ಟರಿಗೆ ಸಿಹಿಡಬ್ಬ ಬರುತ್ತದೆ. ನಡುವೆ ತೋಳು ಹಿಡಿದು ಚುಚ್ಚಿದ ಕೈ ಯಾರದು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದರೆ ಬೈಯುವುದಕ್ಕೆ ಮಾತ್ರ.

ಸೂಜಿಯಕ್ಕನ ದಿನ ಶುರುವಾಗುವುದು ಕತ್ತಲು ಹರಿಯುವ ಮೊದಲೇ. ಮೆಟ್ಟಿಲು ಹತ್ತಿ ಬೀಗ ತೆಗೆದು, ಚಪ್ಪಲಿಯನ್ನೂ ಬಿಡದೆ ಸೀದಾ ಫ್ರಿಜ್ಜಿನ ಹತ್ತಿರ ಹೋಗಿ ಒಳಗಿನ ಥರ್ಮಾಮೀಟರ್ ನೋಡುತ್ತಾರೆ. ರಾತ್ರಿ ಕರೆಂಟು ಹೋಗಿ ಲಸಿಕೆ ಬೆಚ್ಚಗಾಗಿದ್ದರೆ ಅಷ್ಟನ್ನೂ ಎಸೆಯಬೇಕು. "ನನ್ನ ಮಕ್ಕಳಿಗೆ ಜ್ವರ ಬಂದಾಗ್ಲೂ ಇಷ್ಟು ಸಲ ನೋಡಿಲ್ಲ" ಎನ್ನುತ್ತಾರೆ. ಆಮೇಲೆ ನೆಲ ಒರೆಸುವುದು, ಹತ್ತಿ ಉಂಡೆ ಮಾಡುವುದು, ಬಳಸಿದ ಸೂಜಿ ಹಾಕುವ ಡಬ್ಬ ಬದಲಿಸುವುದು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಾಲು ಕೂತಿರುತ್ತದೆ. ದಿನಕ್ಕೆ ಮೂವತ್ತು ಜನ, ಕೆಲವು ದಿನ ಐವತ್ತು. ಒಬ್ಬೊಬ್ಬರಿಗೂ ಎರಡು ಮೂರು ಸೂಜಿ.

ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ತಾವು ಯಾಕೆ ಬಂದಿದ್ದೇವೆ ಎನ್ನುವುದೇ ಗೊತ್ತಿಲ್ಲ. ಆ ದೇಶದವರು ಕೇಳುವ ಲಸಿಕೆಗಳಲ್ಲಿ ದಡಾರ, ಧನುರ್ವಾಯು, ಕಾಮಾಲೆ ಎಲ್ಲ ಇವೆ. ಹಾಕಿಸಿಕೊಂಡಿದ್ದಕ್ಕೆ ದಾಖಲೆ ತೋರಿಸಬೇಕು, ಇಲ್ಲದಿದ್ದರೆ ಈಗ ಹಾಕಿಸಿಕೊಳ್ಳಬೇಕು. ಮೀಸೆ ನರೆತವರೂ ಅಂಗಿ ಮೇಲೆತ್ತಿ, ಚಿಕ್ಕಂದಿನ ಕಲೆ ತೋರಿಸಿ, "ಇದೇ ನಮ್ಮ ಸರ್ಟಿಫಿಕೇಟು" ಎನ್ನುತ್ತಾರೆ. ಒಬ್ಬಾತ ತಾಯಿಯನ್ನೇ ಸಾಕ್ಷಿಗೆ ಕರೆದುಕೊಂಡು ಬಂದಿದ್ದನಂತೆ.

"ಆಯಮ್ಮ ಹೇಳ್ತಾರೆ, ನಾನೇ ಎತ್ಕೊಂಡು ಹೋಗಿ ಹಾಕಿಸಿದ್ದು ಕಣಮ್ಮ, ಎಷ್ಟು ಅತ್ತಿದ್ದ ಗೊತ್ತಾ ಅಂತ. ನಾನಂದೆ, ಅಮ್ಮಾ, ಅತ್ತಿದ್ದನ್ನ ಬರ್ಕೊಳ್ಳೋಕೆ ಈ ಫಾರಮ್ಮಲ್ಲಿ ಜಾಗ ಇಲ್ಲ. ತೋಳು ಕೊಡೋಕೆ ಹೇಳಿ. ಆರಡಿ ಆಳು, ಸೂಜಿ ನೋಡಿದ್ದೇ ತಡ ಅಮ್ಮನ ಸೆರಗು ಹಿಡ್ಕೊಂಡ!"

ನಕ್ಕರೂ ಅದು ಸುಸ್ತಾದ ನಗು. ನಿಂತು ನಿಂತು ಮಂಡಿ ಸವೆದಿದೆ. ಗಂಡ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್. ರಾತ್ರಿ ಪಾಳಿ ಮುಗಿಸಿ ಅವರು ಮನೆ ಸೇರುವಾಗ ಇವರು ಹೊರಟಿರುತ್ತಾರೆ. ಮನೆಯಲ್ಲಿ ಅತ್ತೆಯ ಹಾಸ್ಯ ಬೇರೆ. "ಊರಿನವರನ್ನೆಲ್ಲ ಫಾರಿನ್ನಿಗೆ ಕಳಿಸ್ತೀಯ, ನನ್ನನ್ನ ಮಗಳ ಮನೆಗೆ ಕಳಿಸೋಕೆ ನಿನಗೆ ಒಂದು ದಿನ ರಜ ಇಲ್ಲ." ಸೊಸೆ ಏನೂ ಕಡಿಮೆಯಿಲ್ಲ. "ಹೋಗಿ ಅತ್ತೆ, ಮೊದಲು ತೋಳು ತೋರಿಸಿ, ಧನುರ್ವಾಯುದು ಬಾಕಿ ಇದೆ."

ಇಲ್ಲಿನ ಕೆಲಸಕ್ಕೆ ಅವರದೇ ಒಂದು ಕ್ರಮ ಇದೆ. ಮೊದಲು ರಕ್ತ, ಆಮೇಲೆ ಸೂಜಿ, ಎರಡೂ ಒಂದೇ ಸಲಕ್ಕೆ, ಅದೇ ಕುರ್ಚಿಯಲ್ಲಿ. ಇದು ಹಟವಲ್ಲ. ರಕ್ತ ತೆಗೆಯುವುದು ಕ್ಷಯ ಇದೆಯೇ ಎಂದು ನೋಡುವುದಕ್ಕೆ. ದಡಾರದ ಲಸಿಕೆಯಲ್ಲಿರುವುದು ಸೊರಗಿಸಿದ, ಆದರೆ ಜೀವ ಇರುವ ವೈರಾಣು. ಅದು ಮೈ ಸೇರಿದ ಮೇಲೆ ನಾಲ್ಕು ವಾರ ಕ್ಷಯದ ರಕ್ತಪರೀಕ್ಷೆಯನ್ನು ನಂಬುವ ಹಾಗಿಲ್ಲ. ರೋಗ ಒಳಗೇ ಅಡಗಿದ್ದರೂ ಪರೀಕ್ಷೆ ಇಲ್ಲ ಎಂದುಬಿಡಬಹುದು. ಆದ್ದರಿಂದ ಲಸಿಕೆಯ ದಿನವೇ ರಕ್ತ ತೆಗೆಯಬೇಕು, ಇಲ್ಲವೇ ನಾಲ್ಕು ವಾರ ಕಾಯಬೇಕು.

ಇಷ್ಟು ಸುಲಭದ ಮಾತು. ಆದರೂ ವಾರಕ್ಕೊಬ್ಬ ಜಾಣ ಎಡವಟ್ಟು ಮಾಡಿಕೊಂಡೇ ಬರುತ್ತಾನೆ. ಇವತ್ತಿನ ಜಾಣ ಈ ವೆಲ್ಡರ್.

ಅವನನ್ನು ಕೆಲಸಕ್ಕೆ ಕಳಿಸುತ್ತಿರುವುದು ಕಂಪನಿ, ಅವನ ತಪಾಸಣೆ ಕಂಪನಿಯೇ ಹಿಂದಿನ ತಿಂಗಳು ಮುಗಿಸಿದೆ. ಹೆಂಡತಿಗೆ ಯಾವ ಯಾವ ಸೂಜಿ ಬೇಕು ಎಂದು ಅಲ್ಲೇ ತಿಳಿದುಕೊಂಡವನು, ಕಳೆದ ವಾರ ಬೀದಿ ತುದಿಯ ದವಾಖಾನೆಯಲ್ಲಿ ದಡಾರದ ಲಸಿಕೆ ಹಾಕಿಸಿ, ಎದೆ ಸೆಟೆಸಿಕೊಂಡು ಇಲ್ಲಿಗೆ ಬಂದಿದ್ದಾನೆ. ಕುರ್ಚಿಯ ಹತ್ತಿರ ಬರುತ್ತಲೇ, "ಒಂದು ಮುಗಿಸ್ಕೊಂಡೇ ಬಂದಿದೀವಿ ಅಕ್ಕ, ನಿಮಗೆ ಕೆಲಸ ಕಮ್ಮಿ ಆಗ್ಲಿ ಅಂತ" ಎಂದು ಹಲ್ಲು ಕಿರಿದಿದ್ದನಂತೆ. ಸೂಜಿಯಕ್ಕ ಹಣೆ ಚಚ್ಚಿಕೊಂಡರು.

ಇನ್ನೆರಡು ವಾರಕ್ಕೆ ಇಬ್ಬರ ವಿಮಾನ. ಬಾಡಿಗೆ ಮನೆ ಖಾಲಿ ಮಾಡಿ, ಮಂಚ ಮಿಕ್ಸಿ ಎಲ್ಲ ಮಾರಿಯಾಗಿದೆ. ಇವತ್ತು ರಕ್ತ ತೆಗೆಯದಿದ್ದರೆ ಗಂಡ ಒಬ್ಬನೇ ಹೋಗಬೇಕು, ಹೆಂಡತಿ ಹಿಂದೆ ಉಳಿಯಬೇಕು.

"ಉಳಿದ್ರೆ ನಮ್ಮಣ್ಣನ ಮನೇಲಿ ಇರ್ತಾಳೆ, ಅದೇನು ದೊಡ್ಡ ವಿಷಯ ಅಲ್ಲ" ಎಂದು ಅವನು ಹೇಳುವಾಗ ಆಕೆಯ ಮುಖ ಬಾಡುತ್ತದೆ. "ಆದ್ರೆ ಸುಮ್ನೆ ಯಾಕೆ ಉಳೀಬೇಕು? ಒಂದು ಮಾತು ಹೇಳ್ತೀನಿ ಕೇಳಿ. ನಾನು ಆ ಸೂಜಿ ವಿಷಯ ಹೇಳೇ ಇಲ್ಲ. ನೀವು ಕೇಳೇ ಇಲ್ಲ. ಇವತ್ತು ರಕ್ತ ತಗೊಳ್ಳಿ, ಆ ಸೂಜೀನೂ ಇವತ್ತೇ ಇನ್ನೊಂದು ಸಲ ಹಾಕಿ. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲ! ಒಳಗೆ ಕಾಯಿಲೆ ಇದ್ದು ಪರೀಕ್ಷೆ ಸುಳ್ಳು ಹೇಳಿದ್ರೆ, ಗೊತ್ತಿಲ್ಲದ ದೇಶದಲ್ಲಿ ಕೆಮ್ಮುತ್ತಾ ಕೂರೋಳು ಅವಳು."

"ಅವಳಿಗೇನಾಗಿದೆ ಕಾಯಿಲೆ? ಗುಂಡ್ಕಲ್ಲಿನ ಹಾಗಿದಾಳೆ!"

ಜಗಳ ಕೇಳಲಾರದೆ ಡಾಕ್ಟರು ಪರದೆ ಸರಿಸಿ ಇಣುಕುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಯಾರು ಜೋರಾಗಿ ಕೂಗಿದರೂ ಕರಗುವ ಸ್ವಭಾವ.

"ಅಕ್ಕ, ಏನಾದ್ರೂ ಮಾಡೋಕಾಗತ್ತಾ ನೋಡಿ..."

"ಆಗತ್ತೆ ಸಾರ್. ಮೂರು ವಾರ ಬಿಟ್ಟು."

ಪರದೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಸೂಜಿಯಕ್ಕನಿಗೆ ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಿಟ್ಟು ತರಿಸಿರುವುದು ಬೈಗುಳವಲ್ಲ. "ತೋಳು ಒಬ್ಬರದು, ಬಾಯಿ ಇನ್ನೊಬ್ಬರದು. ನೋವಾಯ್ತಾ ಅಂತ ಹೆಂಗಸನ್ನ ಕೇಳಿದ್ರೆ ಗಂಡ ಹೇಳ್ತಾನೆ, ಇಲ್ಲ ಅಂತ. ಅವನಿಗೇ ಚುಚ್ಚಬೇಕು ಅನ್ಸತ್ತೆ." ಅವರಿಗಿರುವ ಆಸೆಯೂ ದೊಡ್ಡದಲ್ಲ. "ಬರೋಕೆ ಮೊದ್ಲು ಒಂದು ಫೋನ್ ಮಾಡಿ ಕೇಳ್ಲಿ. ಕುರ್ಚೀಲಿ ಕೂತೋರು ತಾವೇ ಮಾತಾಡ್ಲಿ. ಇನ್ನೇನೂ ಬೇಡ."

ಈಗ ಅವರು ವೆಲ್ಡರನಿಗೆ ಬೆನ್ನು ಮಾಡಿ, ಕುರ್ಚಿಯ ಮುಂದೆ ಬಗ್ಗುತ್ತಾರೆ.

"ನೀನು ಹೇಳವ್ವ. ಕಳೆದ ವಾರ ದಡಾರದ ಸೂಜಿ ಹಾಕಿಸ್ಕೊಂಡ್ಯೋ ಇಲ್ವೋ? ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀತೀನಿ, ನಿನ್ನ ಸಹಿ ತಗೊಂಡು."

"ಇಲ್ಲ ಅನ್ನು" ಎನ್ನುತ್ತಾನೆ ವೆಲ್ಡರ್.

ಆಕೆ ಗಂಡನನ್ನು ನೋಡುತ್ತಾಳೆ. ಮಾರಿದ ಮಂಚ, ಕಟ್ಟಿಟ್ಟ ಗಂಟುಮೂಟೆ, ಭಾವನ ಮನೆಯ ಅಡುಗೆಕೋಣೆ ಎಲ್ಲವೂ ಆ ಒಂದು ನೋಟದಲ್ಲಿ ಬಂದು ಹೋಗುವ ಹಾಗಿದೆ. ಆಮೇಲೆ ಬಲಗೈ ಎತ್ತಿ ಎಡತೋಳು ಮುಟ್ಟಿಕೊಳ್ಳುತ್ತಾಳೆ.

"ಹಾಕಿಸ್ಕೊಂಡೆ ಅಕ್ಕ. ಇಲ್ಲಿಗೆ. ಎರಡು ದಿನ ಜ್ವರಾನೂ ಬಂದಿತ್ತು."

"ಮುಗೀತಲ್ಲ!" ವೆಲ್ಡರ್ ಗೋಡೆಗೆ ಗುದ್ದುತ್ತಾನೆ. "ಬಾಯಿ ಮುಚ್ಕೊಂಡು ಕೂತಿದ್ದೋಳಿಗೆ ಈಗ್ಲೇ ಸತ್ಯ ನೆನಪಾಯ್ತು. ಎದುರು ಬೀದೀಲಿ ಇನ್ನೊಂದು ಕ್ಲಿನಿಕ್ ಇದೆ, ಅಲ್ಲಿ ಯಾರೂ ಪ್ರಶ್ನೆ ಕೇಳಲ್ಲ. ಏಳು, ನಡಿ!"

"ಏಳಲ್ಲ."

"ಏನಂದೆ?"

"ಒಳಗೆ ಕಾಯಿಲೆ ಇದ್ರೆ ಗೊತ್ತಾಗ್ಲಿ ರೀ. ಇಲ್ದಿದ್ರೆ ಅದೂ ಗೊತ್ತಾಗ್ಲಿ. ನೀವು ಮುಂದೆ ಹೋಗಿರಿ, ನಾನು ಆಮೇಲೆ ಬರ್ತೀನಿ. ಭಾವನ ಮನೇಲಿ ಮಾತ್ರ ಇರಲ್ಲ. ನಮ್ಮಕ್ಕನ ಮನೇಲಿ ಇರ್ತೀನಿ."

"ಐದು ನಿಮಿಷ ಕೆಳಗೆ ಇರ್ತೀನಿ. ಬಂದ್ರೆ ಬಾ, ಇಲ್ದಿದ್ರೆ ನಿನ್ನ ದಾರಿ ನಿಂದು." ಅವನು ದಡದಡ ಮೆಟ್ಟಿಲಿಳಿದು ಹೋಗುತ್ತಾನೆ.

ಸೂಜಿಯಕ್ಕ ಫ್ರಿಜ್ಜು ತೆಗೆಯುತ್ತಾರೆ. "ಧನುರ್ವಾಯುದು ಇವತ್ತೇ ಹಾಕಬಹುದು, ಅದಕ್ಕೂ ರಕ್ತಪರೀಕ್ಷೆಗೂ ಸಂಬಂಧ ಇಲ್ಲ. ಹಾಕ್ಲಾ? ಇಲ್ಲ, ಕೆಳಗೆ ಹೋಗ್ತೀಯಾ?"

ಆಕೆ ಬಲತೋಳು ಚಾಚುತ್ತಾಳೆ. "ಈ ಕಡೆಗೆ ಹಾಕಿ. ಆ ಕಡೆ ಇನ್ನೂ ನೋಯ್ತಿದೆ."

ಹತ್ತಿ ಒತ್ತಿ ಹಿಡಿಯುವಷ್ಟರಲ್ಲಿ ಕೆಳಗೆ ಬೈಕು ಗುರ್ ಎನ್ನುತ್ತದೆ. ಸದ್ದು ಬೀದಿ ತುದಿಯವರೆಗೆ ಹೋಗಿ ಸಣ್ಣಗಾಗುತ್ತದೆ. ಐದು ನಿಮಿಷವೂ ಆಗಿಲ್ಲ.

"ಎಲ್ಲೋ ಒಂದು ಸುತ್ತು ಹೊಡೆದು ಬರ್ತಾನೆ ಬಿಡು" ಎನ್ನುತ್ತಾರೆ ಸೂಜಿಯಕ್ಕ. "ಸೂಜಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಕೂರ್ಲೇಬೇಕು, ತಲೆ ಸುತ್ತಿದ್ರೆ ಕಷ್ಟ. ಆಚೆ ಬೆಂಚಲ್ಲಿ ಕೂತಿರು."

ಆಕೆ ಆಚೆ ಹೋಗಿ ಎದ್ದು ಕೂತಿರುವ ಮಗುವಿನ ಪಕ್ಕ ಕೂರುತ್ತಾಳೆ. ಕುರ್ಚಿಗೆ ಬೇರೊಬ್ಬರು ಬರುತ್ತಾರೆ, ಆಮೇಲೆ ಇನ್ನೊಬ್ಬರು. ಪ್ರತಿ ಸಲ ಹತ್ತಿ ಎಸೆಯುವ ನೆಪದಲ್ಲಿ ಸೂಜಿಯಕ್ಕ ಕಿಟಕಿಯಿಂದ ಬೀದಿಗೆ ಇಣುಕುತ್ತಾರೆ. ಮಗುವಿನ ಮನೆಯವರು ಬಂದು ಅದನ್ನು ಕರೆದುಕೊಂಡು ಹೋಗುತ್ತಾರೆ.

"ಇನ್ನೂ ಬರ್ಲಿಲ್ವಲ್ಲೇ ಅವನು?"

"ಬರಲ್ಲ ಅಕ್ಕ" ಎನ್ನುತ್ತಾಳೆ ಆಕೆ, ಬ್ಯಾಗು ಹೆಗಲಿಗೆ ಏರಿಸಿಕೊಳ್ಳುತ್ತಾ. "ನಮ್ಮಕ್ಕನ ಮನೆ ಕಡೆಗೆ ಬಸ್ಸು ಎಲ್ಲಿ ನಿಲ್ಲತ್ತೆ, ಅದು ಹೇಳಿ."