ತಂತಿಬೇಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದ ಹಸಿಂತಾ

ಹಸಿಂತಾಳ ಅಪ್ಪ ಕಬ್ಬು ಕಡಿಯಲು ಜಮೈಕಾದಿಂದ ಕ್ಯೂಬಾಕ್ಕೆ ಬಂದವನು. ಅವನು ಮನೆಯಲ್ಲಿ ಆಡುತ್ತಿದ್ದ ಇಂಗ್ಲಿಷೇ ಮಗಳ ಹೊಟ್ಟೆಪಾಡಿಗೆ ದಾರಿಯಾಯಿತು. ಗುವಾಂಟಾನಮೋ ಊರಿನಿಂದ ತೆಂಕಲಿಗೆ, ಕೊಲ್ಲಿಯ ಬಾಯಲ್ಲಿ, ಅಮೆರಿಕದವರ ನೌಕಾನೆಲೆ. ನೆಲ ಕ್ಯೂಬಾದ್ದು, ಬೇಲಿಯೊಳಗೆ ಹಾರುವ ಬಾವುಟ ಅವರದು. ಇಪ್ಪತ್ತೆರಡು ತುಂಬಿದಾಗಿನಿಂದ ಅವಳು ಅಲ್ಲಿನ ಅಧಿಕಾರಿಗಳ ಮನೆಗಳಲ್ಲಿ ಅಡುಗೆ, ಒಗೆತ, ಇಸ್ತ್ರಿ ಮಾಡುತ್ತಿದ್ದಳು.

ಮೊದಮೊದಲು ಅದು ಬಸ್ಸು ಹತ್ತಿ ಹೋಗಿ ಬರುವಷ್ಟೇ ಸಲೀಸು. ಕ್ಯೂಬಾದಲ್ಲಿ ಕ್ರಾಂತಿಯಾಗಿ ಎರಡು ದೇಶಗಳ ಸಂಬಂಧ ಕೆಟ್ಟ ಮೇಲೆ ಎಲ್ಲವೂ ಬದಲಾಯಿತು. ಬೆಳಿಗ್ಗೆ ಕ್ಯೂಬಾದ ಕಾವಲಿನವರ ತಗಡಿನ ಶೆಡ್ಡಿನಲ್ಲಿ ಉಟ್ಟ ಬಟ್ಟೆ ಬಿಚ್ಚಿ ತಪಾಸಣೆ ಮಾಡಿಸಿಕೊಳ್ಳಬೇಕು, ಬೇರೆ ಬಟ್ಟೆ ಹಾಕಿಕೊಳ್ಳಬೇಕು. ಆಮೇಲೆ ಎರಡು ತಂತಿಬೇಲಿಗಳ ನಡುವಿನ ಓಣಿಯಲ್ಲಿ ನಡೆಯಬೇಕು. ಅಕ್ಕಪಕ್ಕದ ಕಳ್ಳಿಪೊದೆಗಳ ನಡುವೆ ನೆಲಬಾಂಬುಗಳನ್ನು ಹೂತಿದ್ದರು. ಒಂದು ಜಿಂಕೆ ಕಾಲಿಟ್ಟು ಚೂರುಚೂರಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಆ ಓಣಿಯಲ್ಲಿ ಅವಳು ಮುಂದಿನವರ ಹಿಮ್ಮಡಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಆಚೆ ತುದಿಯಲ್ಲಿ ಅಮೆರಿಕದ ಸಿಪಾಯಿಗಳು ಮತ್ತೊಮ್ಮೆ ತಡಕುತ್ತಿದ್ದರು.

ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಎದೆಲ್ಮಿರಾ ತನ್ನ ಬಾಗಿಲಲ್ಲೇ ಕೂತಿರುತ್ತಿದ್ದಳು. ಬೀದಿಯ ಕಾವಲು ಸಮಿತಿಯವಳು; ಯಾರ ಮನೆಗೆ ಯಾರು ಬಂದರು, ಏನು ಬಂತು ಎಂದು ಸರ್ಕಾರಕ್ಕೆ ಬರೆದುಕೊಡುವುದು ಅವಳ ಕೆಲಸ. "ಏನೇ, ಯಾಂಕಿಗಳ ಚಡ್ಡಿ ಗರಿಗರಿ ಇಸ್ತ್ರಿ ಆಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

"ಆಯ್ತು ಕಣೆ. ನಿನ್ನ ಗಂಡಂದೂ ಇದ್ರೆ ಕೊಡು, ಅದೇ ಬಿಸೀಲಿ ಉಜ್ಜಿ ಬಿಡ್ತೀನಿ" ಎಂದು ಹಸಿಂತಾ ನಗುತ್ತಿದ್ದಳು. ಆದರೆ ಬಾಗಿಲು ಹಾಕಿಕೊಂಡ ಮೇಲೆ ಆ ನಗು ಉಳಿಯುತ್ತಿರಲಿಲ್ಲ. ತನ್ನ ಹೆಸರು ಯಾವ ಪಟ್ಟಿಯಲ್ಲಿದೆಯೋ, ಯಾರ ಜೇಬಿನಲ್ಲಿದೆಯೋ ಎಂಬ ಅಳುಕು ಒಳಗೊಳಗೇ ಕೊರೆಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೆರಡರ ಅಕ್ಟೋಬರಿನಲ್ಲಿ ಒಂದು ಸೋಮವಾರ. ಹಸಿಂತಾ ಕೆಲಸ ಮಾಡುತ್ತಿದ್ದದ್ದು ಟ್ರೆಡ್‌ವೆಲ್ ಎಂಬ ಅಧಿಕಾರಿಯ ಮನೆಯಲ್ಲಿ. ಒಲೆಯ ಮೇಲೆ ಮಧ್ಯಾಹ್ನದ ಸಾರು ಕುದಿಯುತ್ತಿತ್ತು. ಹೊರಗೆ ಜೀಪು ನಿಂತ ಸದ್ದಾಯಿತು. ಸಿಪಾಯಿಯೊಬ್ಬ ಬಾಗಿಲಲ್ಲೇ ಏನೋ ಹೇಳಿ ಪಕ್ಕದ ಮನೆಗೆ ಓಡಿದ. ಒಳಗೆ ಬಂದ ಮಿಸೆಸ್ ಟ್ರೆಡ್‌ವೆಲ್ಲಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಕ್ಕಳ ಸ್ವೆಟರ್ ಎಲ್ಲಿ? ಬೇಗ, ಹಸಿಂತಾ, ಬೇಗ."

"ಈ ಸೆಕೇಲಿ ಸ್ವೆಟರ್ ಯಾಕೆ ಅಮ್ಮಾವ್ರೇ? ಎಲ್ಲಿಗೆ ಹೊರಟ್ರಿ?"

"ಕೇಳ್ಬೇಡ. ನಂಗೂ ಗೊತ್ತಿಲ್ಲ. ಒಂದೇ ಒಂದು ಪೆಟ್ಟಿಗೆ ಅಂದಿದ್ದಾರೆ."

ಕಾಲು ಗಂಟೆಯಲ್ಲಿ ಮನೆ ಖಾಲಿಯಾಯಿತು. ಎರಡು ಮಕ್ಕಳನ್ನು ಎಳೆದುಕೊಂಡು ಹೊರಟವಳು ಬಸ್ಸಿನ ಮೆಟ್ಟಿಲಲ್ಲಿ ತಿರುಗಿ, "ಯಾರಿಗೂ ಹೇಳ್ಬೇಡ, ಆಯ್ತಾ? ಯಾರಿಗೂ" ಎಂದಳು. ಬೀದಿಯ ಉದ್ದಕ್ಕೂ ಹೆಂಗಸರು, ಮಕ್ಕಳು ಬಸ್ಸು ಹತ್ತುತ್ತಿದ್ದರು. ಒಬ್ಬಾಕೆಯ ತಲೆಯಲ್ಲಿ ಕೂದಲು ಸುರುಳಿ ಮಾಡುವ ಕ್ಲಿಪ್ಪುಗಳು ಹಾಗೆಯೇ ಇದ್ದವು. ಬಂದರಿನಲ್ಲಿ ಹಡಗುಗಳು ಕಾದಿದ್ದವು.

ಹಸಿಂತಾ ಒಲೆ ಆರಿಸಿದಳು. ಇಡೀ ಬೀದಿಯಲ್ಲಿ ಒಂದು ಮಗುವಿನ ದನಿಯಿಲ್ಲ. ಮೇಜಿನ ಮೇಲೆ ಅರ್ಧ ಕಚ್ಚಿದ ಬ್ರೆಡ್ಡಿತ್ತು. ಮಕ್ಕಳನ್ನು ಸಾಗಿಸುತ್ತಿದ್ದಾರೆ, ಗಂಡಸರು ಉಳಿಯುತ್ತಿದ್ದಾರೆ. ಇದರ ಅರ್ಥ ತಿಳಿಯಲು ಸೇನಾಪತಿಯೇ ಆಗಬೇಕಿರಲಿಲ್ಲ.

ಸಂಜೆ ಗೇಟಿನಲ್ಲಿ ಓಣಿ ದಾಟಿದವರೆಲ್ಲರ ಮುಖವೂ ಒಂದೇ ಥರ ಇತ್ತು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಕ್ಯೂಬಾದ ಕಾವಲಿನ ಲೆಫ್ಟಿನೆಂಟ್ ಓರೆಸ್ತೆಸ್ ಅವಳ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನಕ್ಕಾ, ಒಳಗೇನು ಸಮಾಚಾರ?"

"ಏನಿದೆಯಪ್ಪಾ? ಬಟ್ಟೆ ಉಜ್ಜಿದೆ, ಬಂದೆ."

"ದಿನಾ ವಟವಟ ಅಂತಿದ್ದೆ. ಇವತ್ತು ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದೀಯಲ್ಲ!"

ಅವಳು ಚೀಟಿಗೆ ಕೈ ಚಾಚಿದಳು. ಅವನು ಅದನ್ನು ಹಿಂದಿರುಗಿಸಿದ.

ಮನೆಗೆ ಬಂದವಳೇ ಗಂಡ ಎವಾರಿಸ್ತೋನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಅವನು ರೈಲಿನ ಕಮ್ಮಾರಶಾಲೆಯಲ್ಲಿ ದುಡಿಯುತ್ತಿದ್ದ, ಊರಿನ ಜನಸೇನೆಯಲ್ಲೂ ಇದ್ದ. ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅವನ ಕಿವಿಗೆ ಎಲ್ಲವನ್ನೂ ಹೇಳಿದಳು.

ಅವನು ನಲ್ಲಿಕಟ್ಟೆಯ ಮೇಲೆ ಕೂತ. "ಮಕ್ಕಳನ್ನೂ? ಎಲ್ಲಾ ಮಕ್ಕಳನ್ನೂ?"

"ಒಂದನ್ನೂ ಬಿಟ್ಟಿಲ್ಲ."

"ಹಾಗಾದ್ರೆ ನಮ್ಮ ಮೇಲೆ ಬೀಳ್ತಾರೆ. ಇವತ್ತೋ ನಾಳೆಯೋ. ಇದನ್ನ ನಾನು ಮೇಲಿನವರಿಗೆ ಹೇಳ್ಬೇಕು."

ಹಸಿಂತಾ ಅವನ ಅಂಗಿ ಹಿಡಿದುಕೊಂಡಳು. "ನಿನ್ನ ದಮ್ಮಯ್ಯ. ಯಾರು ಹೇಳಿದ್ದು ಅಂತ ಕೇಳ್ತಾರೆ. ನನ್ನ ಹೆಸರು ಬರತ್ತೆ. ನಾಳೆ ಆ ಕಡೆಯವರಿಗೆ ನಾನು ಗೂಢಚಾರಿ. ಇಷ್ಟೊತ್ತು ಯಾಕೆ ಮುಚ್ಚಿಟ್ಟೆ ಅಂತ ಈ ಕಡೆಯವರಿಗೂ ನಾನೇ ಕಳ್ಳಿ."

"ಹೇಳದೆ ಇದ್ರೆ, ಬೆಳಗಾಗೋದ್ರಲ್ಲಿ ಈ ಬೀದಿ ಇರುತ್ತೇನೇ?"

ಅಷ್ಟರಲ್ಲಿ ಸೈರನ್ ಕೂಗಿತು. ಜನಸೇನೆಯವರಿಗೆಲ್ಲ ಕರೆ ಬಂತು. ಎವಾರಿಸ್ತೋ ಬೂಟು ಹಾಕಿಕೊಂಡು, ಹೇಳುತ್ತೇನೆಂದೂ ಇಲ್ಲವೆಂದೂ ನುಡಿಯದೆ ಹೊರಟುಹೋದ.

ಮುಂದಿನ ದಿನಗಳನ್ನು ಅವಳು ಹೇಗೆ ದೂಡಿದಳೋ ಅವಳಿಗೇ ಗೊತ್ತು. ಕೆಲಸಕ್ಕೆ ಹೋಗಲಿಲ್ಲ. ಹೋಗಲು ಮನೆಯೊಡತಿಯೇ ಇರಲಿಲ್ಲ. ರೇಡಿಯೋದಲ್ಲಿ ಕ್ಯೂಬಾದಲ್ಲಿಟ್ಟ ಕ್ಷಿಪಣಿ, ಅಮೆರಿಕದ ಹಡಗುಗಳ ದಿಗ್ಬಂಧನ ಎಂಬ ಮಾತುಗಳು. ತಲೆಯ ಮೇಲೆಯೇ ವಿಮಾನಗಳು ಹಾದುಹೋಗುತ್ತಿದ್ದವು. ಪ್ರತಿ ಸಲವೂ ಅವಳು ಮಂಚದ ಕೆಳಗೆ ತೂರಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಬಾಂಬಿಗಿಂತ ಹೆಚ್ಚಾಗಿ ಬಾಗಿಲು ತಟ್ಟುವ ಸದ್ದಿಗೆ ಹೆದರುತ್ತಿದ್ದಳು. ಒಂದು ಮಧ್ಯಾಹ್ನ ಯಾರೋ ತಟ್ಟಿಯೇ ಬಿಟ್ಟರು. ತೆರೆದರೆ ಎದೆಲ್ಮಿರಾ, ಕೈಯಲ್ಲಿ ಖಾಲಿ ಲೋಟ.

"ಚೂರು ಕಾಫಿಪುಡಿ ಇದ್ಯೇನೇ?" ಅಂದವಳು ಕರೆಯುವ ಮೊದಲೇ ಒಳಗೆ ಬಂದಳು. "ಒಬ್ಳೇ ಕೂರಕ್ಕೆ ಆಗ್ತಿಲ್ಲ ಕಣೆ." ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ಕಾಫಿ ಕುಡಿದರು. ಅಂದು ಯಾವ ಕುಹಕವೂ ಬರಲಿಲ್ಲ.

ಯುದ್ಧ ತಪ್ಪಿತು. ನವೆಂಬರಿನಲ್ಲಿ ಎವಾರಿಸ್ತೋ ಗಡ್ಡ ಬಿಟ್ಟುಕೊಂಡು, ಸೊಳ್ಳೆ ಕಚ್ಚಿದ ಮುಖ ಹೊತ್ತು ಬಂದ. ಸ್ನಾನ ಮಾಡಿಸಿ, ಕರಿಕಾಳಿನ ಅನ್ನ ಬಡಿಸಿ, ಕೊನೆಗೆ ಅವಳು ಕೇಳಿಯೇ ಬಿಟ್ಟಳು. "ಹೇಳಿದ್ಯಾ?"

"ಹೇಳೋಣ ಅಂತ ಹೋದೆ. ಕಮಾಂಡರ್ ಬಾಗಿಲ ಮುಂದೆ ಮೂವತ್ತು ಜನ ಸಾಲಲ್ಲಿ ನಿಂತಿದ್ರು. ಎಲ್ರ ಹೆಂಡ್ತೀರೂ, ಅಣ್ಣತಮ್ಮಂದಿರೂ ಅಲ್ಲೇ ಕೆಲಸ ಮಾಡೋರು. ಎಲ್ರೂ ಇದನ್ನೇ ಹೇಳಕ್ಕೆ ಬಂದಿದ್ರು. ನಾನು ಏನೂ ಹೇಳದೆ ಸಾಲು ಬಿಟ್ಟು ಬಂದೆ."

ಹಸಿಂತಾಳಿಗೆ ನಗು ಬಂತು, ನಗುತ್ತಲೇ ಅಳು ಬಂತು.

ಕ್ರಿಸ್‌ಮಸ್‌ಗೆ ಮೊದಲೇ ಆ ಹೆಂಗಸರು, ಮಕ್ಕಳು ಹಡಗಿನಲ್ಲಿ ಮರಳಿದರು. ಹಸಿಂತಾಳೂ ಕೆಲಸಕ್ಕೆ ಮರಳಿದಳು. ಮೊದಲ ದಿನವೇ ಮಿಸೆಸ್ ಟ್ರೆಡ್‌ವೆಲ್ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದಳು: "ಅವತ್ತು ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಅಮ್ಮಾವ್ರೇ."

ಸುಳ್ಳು ಸಲೀಸಾಗಿ ಬಂತು, ಆದರೆ ಒಡತಿ ನಂಬಿದಂತೆ ಕಾಣಲಿಲ್ಲ. ಆಮೇಲೆ ಆ ಮನೆಯಲ್ಲಿ ಹಳೆಯ ಸಲಿಗೆ ಉಳಿಯಲಿಲ್ಲ. ಅವಳು ಕಾಫಿ ತಂದರೆ ಮಾತು ನಿಲ್ಲುತ್ತಿತ್ತು. ಫೋನ್ ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಅರವತ್ತನಾಲ್ಕರ ಫೆಬ್ರವರಿಯಲ್ಲಿ ಅಮೆರಿಕದವರು ಕ್ಯೂಬಾದ ಮೀನುದೋಣಿಗಳನ್ನು ಹಿಡಿದದ್ದಕ್ಕೆ ಜಗಳವಾಗಿ, ಕ್ಯೂಬಾ ನೆಲೆಗೆ ಹೋಗುವ ನೀರನ್ನು ನಿಲ್ಲಿಸಿತು. ಅಮೆರಿಕದವರು ಊರಿಂದ ಬರುವ ಕೆಲಸದವರನ್ನು ಕೈಬಿಡತೊಡಗಿದರು. ಹಸಿಂತಾಳ ಸರದಿ ಒಂದು ಬೆಳಿಗ್ಗೆ ಬಂತು. ಒಬ್ಬ ಗುಮಾಸ್ತ ಕಾಗದ ಮುಂದಿಟ್ಟ. ಮನೆಗೆ ಹೋಗುತ್ತೀಯೋ, ಇಲ್ಲೇ ಉಳಿಯುತ್ತೀಯೋ? ಉಳಿದರೆ ಮತ್ತೆ ಬೇಲಿ ದಾಟುವಂತಿಲ್ಲ. ಯೋಚಿಸಲು ಮಧ್ಯಾಹ್ನದವರೆಗೆ ಸಮಯ.

ಮಿಸೆಸ್ ಟ್ರೆಡ್‌ವೆಲ್ ಅವಳ ಕೈ ಹಿಡಿದುಕೊಂಡಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ. "ಉಳ್ಕೋ, ಹಸಿಂತಾ. ಅಲ್ಲಿ ನಿನ್ನ ಏನ್ ಮಾಡ್ತಾರೋ."

"ಭಯ ಇಲ್ಲೂ ಇದೆ ಅಮ್ಮಾವ್ರೇ. ಅಲ್ಲಿ ನನ್ನ ಗಂಡ ಇದ್ದಾನೆ."

ಓಣಿಯಲ್ಲಿ ಕೊನೆಯ ಸಲ ನಡೆಯುವಾಗಲೂ ಅವಳು ಮುಂದಿನವರ ಹಿಮ್ಮಡಿಯಿಂದ ಕಣ್ಣು ಕೀಳಲಿಲ್ಲ.

ಅವಳಿಗೆ ಯಾರೂ ಏನೂ ಮಾಡಲಿಲ್ಲ. ಮೂರು ಸಲ ಕರೆಸಿ ಪ್ರಶ್ನೆ ಕೇಳಿದರು, ಬಿಟ್ಟರು. ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆದರೆ ಹೊಸಬರು ಯಾರೇ ಪಕ್ಕದಲ್ಲಿ ಕೂತರೂ ಇವರನ್ನು ನನ್ನ ಮೇಲೆ ಕಣ್ಣಿಡಲು ಕಳಿಸಿದ್ದಾರೋ ಎಂಬ ಗುಮಾನಿ ಅವಳನ್ನು ಬಿಡಲಿಲ್ಲ.

ಎರಡು ವರ್ಷದ ಮೇಲೆ ಅಮೆರಿಕದಿಂದ ಒಂದು ಪತ್ರ ಬಂತು. ಲಕೋಟೆಯನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು. ಮಿಸೆಸ್ ಟ್ರೆಡ್‌ವೆಲ್ ಬರೆದಿದ್ದಳು. ಈಗ ಚಳಿಯ ಊರಿನಲ್ಲಿದ್ದೇವೆ, ನೀನು ಹೇಗಿದ್ದೀಯ, ಒಂದು ಸಾಲು ಬರಿ, ಅಷ್ಟೇ. ಹಸಿಂತಾ ನಿಂತಲ್ಲೇ ಎರಡು ಸಲ ಓದಿ, ಒಲೆಗೆ ಹಾಕಿದಳು. ವಿಳಾಸವೂ ಸುಟ್ಟುಹೋಗುವವರೆಗೆ ನೋಡುತ್ತ ನಿಂತಳು.

ಸಂಜೆ ಎದೆಲ್ಮಿರಾ ಹಿತ್ತಲ ಬೇಲಿಯಾಚೆಯಿಂದ ಕೇಳಿದಳು: "ಪತ್ರ ಬಂತಂತಲ್ಲೇ?"

"ಬೇರೆ ಯಾರದ್ದೋ ಕಣೆ. ತಪ್ಪಿ ನಮ್ಮನೆಗೆ ಬಂದಿತ್ತು."

ಎದೆಲ್ಮಿರಾ ಕಂಕುಳಲ್ಲಿದ್ದ ಸಮಿತಿಯ ಪುಸ್ತಕ ತೆರೆದಳು. "ಹೌದಾ? ಹಾಗೇ ಬರ್ಕೋತೀನಿ ಬಿಡು" ಎಂದು ಒಳಗೆ ಹೋದಳು.